ಸ್ಪೀಡಪ್ ಗ್ರಾಫ್‌ಗೂ ಮೊದಲು ಬೈಟ್‌ಗಳ ಲೆಕ್ಕ

ಕೆಟ್ಟ ಕೋಡ್‌ಗೆ ಒಳ್ಳೆಯ ಸ್ಪೀಡಪ್ ಗ್ರಾಫ್ (ಕೋರ್‌ಗಳು ಹೆಚ್ಚಿದಂತೆ ಲೆಕ್ಕ ಎಷ್ಟು ಪಟ್ಟು ಬೇಗ ಮುಗಿಯುತ್ತದೆ ಎಂದು ತೋರಿಸುವ ಗೆರೆ) ಬರುತ್ತದೆ. ಪ್ಯಾರಲಲ್ ಕಂಪ್ಯೂಟಿಂಗ್‌ನಲ್ಲಿ (ಒಂದೇ ಲೆಕ್ಕವನ್ನು ಹಲವು ಕೋರ್‌ಗಳಿಗೆ ಹಂಚಿ ಓಡಿಸುವುದರಲ್ಲಿ) ಸಂಶೋಧನೆಗೆ ಇಳಿಯುವವರು ಮೊದಲು ಮನದಟ್ಟು ಮಾಡಿಕೊಳ್ಳಬೇಕಾದ ವಿಷಯ ಇದು. ಪ್ರತಿ ಕೋರ್ ನಿಧಾನವಾಗಿ ಓಡುತ್ತಿದ್ದರೆ ಲೆಕ್ಕದ ಸಮಯ ಉದ್ದವಾಗಿ, ಸಂದೇಶ ಕಳಿಸುವ ಸಮಯ ಅದರಡಿ ಮುಚ್ಚಿಹೋಗುತ್ತದೆ. ಕಂಪೈಲರ್‌ನ ಆಪ್ಟಿಮೈಸೇಷನ್ ತೆಗೆದು ಓಡಿಸಿದರೆ ಗ್ರಾಫ್‌ನ ಗೆರೆ ಸಾಮಾನ್ಯವಾಗಿ ಇನ್ನಷ್ಟು ನೇರವಾಗುತ್ತದೆ! ಆದ್ದರಿಂದ ಸ್ಪೀಡಪ್ ಜೊತೆಗೆ ಪ್ರತಿ ಸುತ್ತಿಗೆ ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂಬುದನ್ನು ಕೊಡದ ಗ್ರಾಫನ್ನು ನಾನು ನಂಬುವುದಿಲ್ಲ.

ಒಂದು ಲೆಕ್ಕ ಹಿಡಿದೇ ಮಾತಾಡೋಣ. ಶಾಖ ಹರಡುವುದನ್ನು ಲೆಕ್ಕ ಹಾಕುವ ಏಳು ಬಿಂದುಗಳ ಸ್ಟೆನ್ಸಿಲ್ (ಪ್ರತಿ ಸುತ್ತಿನಲ್ಲಿ ಒಂದೊಂದು ಬಿಂದುವಿನ ಹೊಸ ಬೆಲೆ ಅದರ ಮತ್ತು ಆರು ನೆರೆಬಿಂದುಗಳ ಹಳೆಯ ಬೆಲೆಗಳಿಂದ ಬರುತ್ತದೆ), 1024 × 1024 × 1024 ಗ್ರಿಡ್, ಡಬಲ್ ಪ್ರಿಸಿಶನ್, ಅಂದರೆ ಸಂಖ್ಯೆಗೆ 8 ಬೈಟ್. ಒಂದು ಅರೇಗೆ 8 ಜಿಬಿ. ಹಳೆಯ ಬೆಲೆ, ಹೊಸ ಬೆಲೆ ಎರಡೂ ಸೇರಿ 16 ಜಿಬಿ. ನೋಡ್‌ನಲ್ಲಿ (ಕ್ಲಸ್ಟರ್‌ನ ಒಂದು ಕಂಪ್ಯೂಟರಿನಲ್ಲಿ) 2.5 ಗಿಗಾಹರ್ಟ್ಸ್‌ನ, 12 ಕೋರ್‌ಗಳ ಎರಡು ಇಂಟೆಲ್ ಹ್ಯಾಸ್ವೆಲ್ ಪ್ರೊಸೆಸರ್‌ಗಳಿವೆ ಎಂದಿಟ್ಟುಕೊಳ್ಳಿ. ಬೆಂಗಳೂರಿನ ಐಐಎಸ್‌ಸಿಯ ಸಹಸ್ರ-ಟಿ ಸೂಪರ್‌ಕಂಪ್ಯೂಟರಿನ ಸಾಮಾನ್ಯ ನೋಡ್ ಈ ಬಗೆಯದಾಗಿತ್ತು. ಪ್ರತಿ ಕೋರ್ ಒಂದು ಕ್ಲಾಕ್‌ಗೆ 16 ಕ್ರಿಯೆ ಮಾಡಬಲ್ಲುದರಿಂದ ಕಾಗದದ ಮೇಲೆ ನೋಡ್‌ನ ವೇಗ 960 ಗಿಗಾಫ್ಲಾಪ್ಸ್, ಅಂದರೆ ಸೆಕೆಂಡಿಗೆ 96,000 ಕೋಟಿ ಕ್ರಿಯೆ. ಆದರೆ ಡಿಡಿಆರ್4-2133 ಮೆಮೊರಿ, ಸಾಕೆಟ್‌ಗೆ (ಅಂದರೆ ಒಂದು ಪ್ರೊಸೆಸರ್‌ಗೆ) ನಾಲ್ಕು ಚಾನೆಲ್ ಇದ್ದರೆ, ಎರಡೂ ಸಾಕೆಟ್ ಸೇರಿ ಸೆಕೆಂಡಿಗೆ ಸುಮಾರು 136 ಜಿಬಿಗಿಂತ ಹೆಚ್ಚು ಕೊಡಲಾರದು. ನೆರೆಬಿಂದುಗಳು ಕ್ಯಾಶ್‌ನಲ್ಲೇ ಸಿಕ್ಕರೆ ಪ್ರತಿ ಬಿಂದುವಿಗೆ ಓದಲು 8 ಬೈಟ್, ಬರೆಯಲು 8, ಬರೆಯುವ ಮುನ್ನ ಆ ಜಾಗದ ಕ್ಯಾಶ್ ಲೈನನ್ನು (ಮೆಮೊರಿಯಿಂದ ಒಮ್ಮೆಗೆ ಬರುವ 64 ಬೈಟ್‌ನ ತುಂಡನ್ನು) ತರಲು ಮತ್ತೆ 8, ಒಟ್ಟು 24 ಬೈಟ್ ಓಡಾಡಬೇಕು. ಬಿಂದುವಿಗೆ 8 ಕ್ರಿಯೆ ಹಿಡಿದರೆ ಸಿಗುವ ಗರಿಷ್ಠ ವೇಗ ಸುಮಾರು 45 ಗಿಗಾಫ್ಲಾಪ್ಸ್, ಅಂದರೆ 960ರಲ್ಲಿ ಶೇ 5ಕ್ಕೂ ಕಡಿಮೆ. ನಿಮ್ಮ ಕೋಡನ್ನು ಹೋಲಿಸಬೇಕಾದದ್ದು ಈ 45ರ ಜೊತೆ.

ಅಲ್ಲಿಗೂ ತಲುಪದಿದ್ದರೆ ಮೊದಲ ಅನುಮಾನ ಮೆಮೊರಿ ಪುಟಗಳ (ಮೆಮೊರಿಯನ್ನು ಹಂಚುವ ಸಮಾನ ತುಂಡುಗಳ) ಮೇಲೆ. ಲಿನಕ್ಸ್ ಒಂದು ಪುಟವನ್ನು, ಅದರೊಳಗೆ ಮೊದಲು ಬರೆದ ಥ್ರೆಡ್ (ಒಂದು ಕೋರ್‌ನಲ್ಲಿ ಓಡುವ ಕೆಲಸದ ಎಳೆ) ಯಾವ ಸಾಕೆಟ್‌ನಲ್ಲಿದೆಯೋ ಅದರ ಮೆಮೊರಿಯಲ್ಲಿ ಇಡುತ್ತದೆ. ಅರೇಗೆ ಸೊನ್ನೆ ತುಂಬುವ ಲೂಪ್ ಒಂದೇ ಥ್ರೆಡ್‌ನಲ್ಲಿ ಓಡಿದರೆ ಎಲ್ಲ ಪುಟಗಳೂ ಒಂದೇ ಕಡೆ ಕೂರುತ್ತವೆ, ಇನ್ನೊಂದು ಸಾಕೆಟ್‌ನ ನಾಲ್ಕು ಚಾನೆಲ್ ಸುಮ್ಮನಿರುತ್ತವೆ. ಲೆಕ್ಕದ ಲೂಪ್ ಹೇಗೆ ಹಂಚಿದೆಯೋ ಅದೇ ಹಂಚಿಕೆಯಲ್ಲಿ ಸೊನ್ನೆ ತುಂಬಿಸಿ, ಥ್ರೆಡ್‌ಗಳನ್ನು ಕೋರ್‌ಗಳಿಗೆ ಕಟ್ಟಿಹಾಕಿ. ಸಾಕೆಟ್‌ಗೆ ಒಂದು ಎಂಪಿಐ (ಪ್ರಕ್ರಿಯೆಗಳ ನಡುವೆ ಸಂದೇಶ ಸಾಗಿಸುವ ಲೈಬ್ರರಿ) ಪ್ರಕ್ರಿಯೆ, ಅದರೊಳಗೆ ಒಂದೇ ಮೆಮೊರಿ ಹಂಚಿಕೊಳ್ಳುವ 12 ಓಪನ್‌ಎಂಪಿ ಥ್ರೆಡ್ ಎಂಬ ಜೋಡಣೆ ಈ ತಲೆನೋವನ್ನು ಬಹುಮಟ್ಟಿಗೆ ತಪ್ಪಿಸುತ್ತದೆ.

ಇನ್ನು ಗ್ರಿಡ್ ಹಂಚುವುದು. ಇದು ಹಳೆಯ ಪ್ರಶ್ನೆ; 1986ರಲ್ಲಿ ಬೆಂಗಳೂರಿನ ವೈಮಾನಿಕ ಸಂಶೋಧನಾಲಯ ಎನ್‌ಎಎಲ್‌ನಲ್ಲಿ ಫ್ಲೋಸಾಲ್ವರ್ ಎಂಬ ಪ್ಯಾರಲಲ್ ಕಂಪ್ಯೂಟರ್ ಕಟ್ಟಿದ್ದೂ ದ್ರವಚಲನೆಯ ಇಂಥ ಲೆಕ್ಕಗಳಿಗಾಗಿಯೇ. 256 ನೋಡ್, 512 ಪ್ರಕ್ರಿಯೆ ಎನ್ನಿ. ಗ್ರಿಡ್ಡನ್ನು ಒಂದೇ ದಿಕ್ಕಿನಲ್ಲಿ ಹೋಳು ಮಾಡಿದರೆ ಪ್ರತಿ ಪ್ರಕ್ರಿಯೆಗೆ ಎರಡು ಪದರ ಬರುತ್ತವೆ, ಎರಡೂ ಅಂಚಿನವೇ. ತನ್ನಲ್ಲಿರುವ 16 ಎಂಬಿಯನ್ನೂ ಪ್ರತಿ ಸುತ್ತಿನಲ್ಲಿ ನೆರೆಯವರಿಗೆ ಕಳಿಸಬೇಕು. ಅದೇ ಗ್ರಿಡ್ಡನ್ನು 8 × 8 × 8 ಎಂದು ಘನಗಳಾಗಿ ಹಂಚಿದರೆ ಪ್ರತಿಯೊಬ್ಬರಿಗೂ 128ರ ಘನ. ಆರು ಮುಖ ಸೇರಿ ಕಳಿಸುವುದು 768 ಕೆಬಿ. ಒಂದು ಸುತ್ತಿನ ಲೆಕ್ಕಕ್ಕೆ ಸುಮಾರು 0.74 ಮಿಲಿಸೆಕೆಂಡ್ ಸಾಕು. ಪ್ರಕ್ರಿಯೆಗೆ ಸೆಕೆಂಡಿಗೆ 5 ಜಿಬಿ ನೆಟ್‌ವರ್ಕ್ ಸಿಕ್ಕಿತು ಎಂದುಕೊಂಡರೆ ಘನಕ್ಕೆ 0.16, ಪದರಕ್ಕೆ 3.4 ಮಿಲಿಸೆಕೆಂಡ್. ಪದರ ಹಂಚಿಕೆಯಲ್ಲಿ ಯಂತ್ರದ ಬಹುಪಾಲು ಸಮಯ ಕಾಯುವುದರಲ್ಲೇ ಕಳೆಯುತ್ತದೆ.

ಘನದ ಆರು ಮುಖಗಳೂ ಒಂದೇ ಬೆಲೆಯವಲ್ಲ. ಸಿ ಭಾಷೆಯಲ್ಲಿ ಎಕ್ಸ್ ಕೊನೆಯ ಸೂಚ್ಯಂಕವಾಗಿದ್ದರೆ, ಎಕ್ಸ್ ದಿಕ್ಕಿನ ಮುಖದ 16,384 ಬಿಂದುಗಳು ಅಷ್ಟೇ ಬೇರೆ ಬೇರೆ ಕ್ಯಾಶ್ ಲೈನ್‌ಗಳಲ್ಲಿರುತ್ತವೆ. 128 ಕೆಬಿ ಕಳಿಸಲು 1 ಎಂಬಿ ಓದಬೇಕು. ಎಂಪಿಐನ ವೆಕ್ಟರ್ ಟೈಪ್ (ಬಿಡಿಬಿಡಿಯಾಗಿರುವ ಬಿಂದುಗಳನ್ನು ತಾನೇ ಒಟ್ಟುಗೂಡಿಸಿ ಕಳಿಸುವ ವ್ಯವಸ್ಥೆ) ಬಳಸಬಹುದು, ಆದರೆ ಅದನ್ನು ಒಂದೇ ಥ್ರೆಡ್ ಪ್ಯಾಕ್ ಮಾಡುವ ಸಂಭವ ಹೆಚ್ಚು. 12 ಥ್ರೆಡ್‌ಗಳಲ್ಲಿ ನೀವೇ ಬಫರ್‌ಗೆ ತುಂಬಿ ಎರಡನ್ನೂ ಅಳೆದು ನೋಡಿ.

ಸಣ್ಣ ಗ್ರಿಡ್‌ನಲ್ಲಿ ಓಡಿದ ಕೋಡ್ ದೊಡ್ಡದರಲ್ಲಿ ಗಪ್ಪೆಂದು ನಿಂತುಬಿಟ್ಟರೆ ಕಾರಣ ಹೆಚ್ಚಾಗಿ ಎಂಪಿಐ ಸೆಂಡ್. ಚಿಕ್ಕ ಸಂದೇಶವನ್ನು ಲೈಬ್ರರಿ ತನ್ನ ಬಫರ್‌ಗೆ ನಕಲಿಸಿಕೊಂಡು ತಕ್ಷಣ ಹಿಂದಿರುಗುತ್ತದೆ. ಒಂದು ಮಿತಿ ದಾಟಿದ ಮೇಲೆ ಎದುರಿನವರು ರಿಸೀವ್ ಕರೆಯುವವರೆಗೂ ಕಾಯುತ್ತದೆ. ಎಲ್ಲರೂ ಮೊದಲು ಸೆಂಡ್ ಕರೆದಿದ್ದರೆ ಎಲ್ಲರೂ ಕಾಯುತ್ತಲೇ ಇರುತ್ತಾರೆ. ಮೊದಲು ಆರೂ ಐ-ರಿಸೀವ್ ಹಾಕಿ, ಆಮೇಲೆ ಆರು ಐ-ಸೆಂಡ್ (ಇವೆರಡೂ ಕಾಯದೆ ತಕ್ಷಣ ಹಿಂದಿರುಗುತ್ತವೆ), ನಡುವೆ ಒಳಭಾಗದ ಲೆಕ್ಕ, ಎಲ್ಲ ಸಂದೇಶ ಮುಗಿಯುವವರೆಗೆ ಕಾಯುವ ವೇಟ್‌ಆಲ್, ಕೊನೆಗೆ ಅಂಚು. 128ರ ಘನದಲ್ಲಿ ಶೇ 95 ಬಿಂದುಗಳು ಒಳಭಾಗದವು, ಸಂದೇಶದ ಸಮಯವನ್ನು ಮರೆಮಾಡಲು ಬೇಕಾದಷ್ಟು ಜಾಗವಿದೆ. ಆದರೂ ಸಮಯ ಇಳಿಯದಿದ್ದರೆ, ನಿಮ್ಮ ಎಂಪಿಐ ತನ್ನೊಳಗೆ ಕರೆ ಬಂದಾಗ ಮಾತ್ರ ಸಂದೇಶವನ್ನು ಮುಂದಕ್ಕೆ ಸಾಗಿಸುತ್ತಿರುವ ಸಾಧ್ಯತೆ ಹೆಚ್ಚು. ಲೆಕ್ಕದ ನಡುನಡುವೆ, ಸಂದೇಶ ಮುಗಿಯಿತೇ ಎಂದು ಕೇಳುವ ಎಂಪಿಐ ಟೆಸ್ಟ್ ಕರೆಯಿರಿ, ಅಥವಾ ಅದಕ್ಕೆಂದೇ ಒಂದು ಥ್ರೆಡ್ ಬಿಟ್ಟುಕೊಡಿ. ಮೆಮೊರಿ ವೇಗವೇ ಮಿತಿಯಾಗಿರುವ ಕೋಡ್‌ನಲ್ಲಿ 12ರಲ್ಲಿ ಒಂದು ಕೋರ್ ಬಿಟ್ಟರೆ ನಷ್ಟವೇನೂ ಇಲ್ಲ.

ಉತ್ತರ ಸ್ಥಿರವಾಯಿತೇ ಎಂದು ಪ್ರತಿ ಸುತ್ತಿನಲ್ಲೂ ಆಲ್‌ರೆಡ್ಯೂಸ್ (ಎಲ್ಲ ಪ್ರಕ್ರಿಯೆಗಳ ಸಂಖ್ಯೆಗಳನ್ನು ಕೂಡಿ ಮೊತ್ತವನ್ನು ಎಲ್ಲರಿಗೂ ಕೊಡುವ ಎಂಪಿಐ ಕ್ರಿಯೆ) ಕರೆಯಬೇಡಿ. 512 ಪ್ರಕ್ರಿಯೆಗಳೂ ಅತಿ ನಿಧಾನದವನಿಗಾಗಿ ನಿಲ್ಲಬೇಕಾಗುತ್ತದೆ. 50 ಸುತ್ತಿಗೊಮ್ಮೆ ನೋಡಿದರೆ ಸಾಕು. ಅಳೆಯುವಾಗ ಎಲ್ಲ ಪ್ರಕ್ರಿಯೆಗಳ ಸಮಯದಲ್ಲಿ ಗರಿಷ್ಠವನ್ನು ತೆಗೆದುಕೊಳ್ಳಿ, ಸರಾಸರಿಯನ್ನಲ್ಲ. ಹೋಲಿಕೆ ಶುರುವಾಗಬೇಕಾದದ್ದು ಒಂದು ಕೋರ್‌ನಿಂದ ಅಲ್ಲ, ಪೂರ್ತಿ ತುಂಬಿದ ಒಂದು ನೋಡ್‌ನಿಂದ. ಪ್ರಕ್ರಿಯೆಗಳ ಸಂಖ್ಯೆ ಬದಲಾದಾಗ ಆಲ್‌ರೆಡ್ಯೂಸ್‌ನ ಮೊತ್ತದ ಕೊನೆಯ ಅಂಕಿಗಳೂ ಬದಲಾಗುತ್ತವೆ, ಏಕೆಂದರೆ ಫ್ಲೋಟಿಂಗ್ ಪಾಯಿಂಟ್ ಕೂಡಿಕೆಯಲ್ಲಿ ಕ್ರಮಕ್ಕೆ ಬೆಲೆಯಿದೆ. ಅದನ್ನು ಬಗ್ ಎಂದು ಹುಡುಕಬೇಡಿ. ಆದರೆ ಹಳೆಯ ಬೆಲೆಗಳಿಂದಲೇ ಹೊಸ ಬೆಲೆ ಲೆಕ್ಕ ಹಾಕುವ ಈ ಜಾಕೋಬಿ ವಿಧಾನದಲ್ಲಿ ಪ್ರತಿ ಬಿಂದುವಿನ ಲೆಕ್ಕದ ಕ್ರಮ ಹಂಚಿಕೆಯಿಂದ ಬದಲಾಗುವುದಿಲ್ಲ. ಗ್ರಿಡ್‌ನ ಬೆಲೆಗಳೇ 8 ಮತ್ತು 512 ಪ್ರಕ್ರಿಯೆಗಳ ನಡುವೆ ಎದ್ದು ಕಾಣುವಷ್ಟು ಬೇರೆ ಬಂದರೆ, ಯಾವುದೋ ಮುಖದ ಸಂದೇಶ ತಪ್ಪು ಜಾಗಕ್ಕೆ ಹೋಗುತ್ತಿದೆ. ಪ್ರತಿ ಬಿಂದುವಿನಲ್ಲೂ ಅದರದೇ ಜಾಗತಿಕ ಸೂಚ್ಯಂಕವನ್ನು ತುಂಬಿ, ಒಮ್ಮೆ ವಿನಿಮಯ ನಡೆಸಿ ನೋಡಿದರೆ ಯಾವ ಮುಖ ಎಂದು ಗೊತ್ತಾಗುತ್ತದೆ.