ಮಡಿಕೇರಿಯ ಮಳೆಗೆ ಅಂಡರ್‌ಡ್ರೈವ್ ಪುಲ್ಲಿ ಒಗ್ಗುವುದೇ?

ನನ್ನ ಫೋರ್ಡ್ ಮಸ್ಟಾಂಗ್ ಜಿಟಿ ಕಾರಿಗೆ ಅಂಡರ್‌ಡ್ರೈವ್ ಪುಲ್ಲಿ ಹಾಕಿಸಬೇಕೆಂದು ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ಬಹಳ ಕಾಲದಿಂದ ಒತ್ತಾಯಿಸುತ್ತಿದ್ದಾನೆ. ಎಂಜಿನ್ನಿನ ಶಕ್ತಿಯಲ್ಲಿ ಒಂದು ಪಾಲನ್ನು ಕಾರಿಗೆ ವಿದ್ಯುತ್ತು ತಯಾರಿಸುವ ಆಲ್ಟರ್ನೇಟರ್, ವಾಟರ್ ಪಂಪ್, ಎಸಿ ಕಂಪ್ರೆಸರ್‌ಗಳು ತಿಂದುಹಾಕುತ್ತವೆ. ಇವನ್ನು ಬೆಲ್ಟಿನ ಮೂಲಕ ತಿರುಗಿಸುವ, ಕ್ರ್ಯಾಂಕ್‌ಶಾಫ್ಟಿನ (ಎಂಜಿನ್ನಿನ ತಿರುಗುವ ಮುಖ್ಯ ದಂಡದ) ಮುಂತುದಿಯ ಪುಲ್ಲಿಯನ್ನು ತೆಗೆದು ಅದಕ್ಕಿಂತ ಚಿಕ್ಕದೊಂದನ್ನು ಕೂರಿಸಿದರೆ ಇವೆಲ್ಲ ನಿಧಾನವಾಗಿ ತಿರುಗಿ, ಉಳಿದ ಶಕ್ತಿ ಚಕ್ರಗಳಿಗೆ ಹೋಗುತ್ತದೆ ಎಂಬುದು ಅವನ ವಾದ. ವಾದದಲ್ಲಿ ಸುಳ್ಳೇನೂ ಇಲ್ಲ. ಆದರೆ ಎಷ್ಟು ಶಕ್ತಿ ಉಳಿಯುತ್ತದೆ, ಯಾವ ವೇಗದಲ್ಲಿ ಉಳಿಯುತ್ತದೆ, ಅದಕ್ಕಾಗಿ ಏನನ್ನು ಬಿಟ್ಟುಕೊಡಬೇಕು ಎಂಬುದನ್ನು ಕೊಡಗಿನ ರಸ್ತೆಗೆ ಹೊಂದಿಸಿ ನೋಡಬೇಕಿತ್ತು.

ಪುಲ್ಲಿಯ ವ್ಯಾಸ ಶೇ 25ರಷ್ಟು ಕಡಿಮೆಯಾದರೆ ವಾಟರ್ ಪಂಪಿನ ವೇಗವೂ ಅಷ್ಟೇ ಇಳಿಯುತ್ತದೆ. ಪಂಪು ಹೀರುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿರುವುದರಿಂದ ಅದು ಮೊದಲಿನ ಶೇ 42ಕ್ಕೆ ಕುಸಿಯುತ್ತದೆ. ಲಾಭದ ಮುಖ್ಯ ಮೂಲ ಇದೇ. ಆಲ್ಟರ್ನೇಟರಿನಲ್ಲಿ ಅಂಥ ಉಳಿತಾಯವಿಲ್ಲ. ದೀಪ, ಫ್ಯಾನುಗಳು ಕೇಳುವ ವಿದ್ಯುತ್ತು ಕಡಿಮೆಯಾಗಿಲ್ಲವಾದ್ದರಿಂದ ರೆಗ್ಯುಲೇಟರ್ ಅದರೊಳಗಿನ ಸುರುಳಿಗೆ ಹೆಚ್ಚು ಕರೆಂಟ್ (ಫೀಲ್ಡ್ ಕರೆಂಟ್) ಕೊಟ್ಟು ಅದರಿಂದ ಹಿಂದಿನಷ್ಟೇ ಕೆಲಸ ಮಾಡಿಸುತ್ತದೆ. ಇನ್ನು, ಅದೇ ಘನದ ಲೆಕ್ಕದ ಪ್ರಕಾರ ಪಂಪು ಕಡಿಮೆ ವೇಗದಲ್ಲಿ ಹೀರುವುದೇ ಅತ್ಯಲ್ಪ. ಎಂಜಿನ್ 7000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಆಸುಪಾಸಿನಲ್ಲಿದ್ದಾಗ ಸಿಗುವ ಕೆಲವು ಅಶ್ವಶಕ್ತಿ 3000ದಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಸಂಪಾಜೆ ಘಾಟಿಯಲ್ಲಿ 7000ಕ್ಕೆ ಎಳೆಯುವ ಧೈರ್ಯ ನನಗಿಲ್ಲ. ಎದುರಿನಿಂದ ಬರುವ ಬಸ್ಸು ಇಡೀ ತಿರುವನ್ನೇ ಬಳಸಿಕೊಳ್ಳುವ ಜಾಗದಲ್ಲಿ ಅದು ಯಾರಿಗೂ ಇರಬಾರದು.

ಎತ್ತರವನ್ನೂ ಗಣನೆಗೆ ತೆಗೆದುಕೊಂಡೆ. ಸಮುದ್ರ ಮಟ್ಟದಿಂದ ಸುಮಾರು 1150 ಮೀಟರ್ ಮೇಲಿರುವ ಮಡಿಕೇರಿಯಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಶೇ 10ರಷ್ಟು ಕಡಿಮೆ. ಟರ್ಬೊ ಇಲ್ಲದ ಈ 5 ಲೀಟರ್ ವಿ8 ಎಂಜಿನ್ನಿನ ಸುಮಾರು 400 ಅಶ್ವಶಕ್ತಿಯಲ್ಲಿ 40ರಷ್ಟನ್ನು, ಮಂಗಳೂರಿನಿಂದ ಮನೆ ಸೇರುವಷ್ಟರಲ್ಲಿ ಬೆಟ್ಟವೇ ಕಿತ್ತುಕೊಂಡಿರುತ್ತದೆ. ಅಷ್ಟು ಹೋದದ್ದೇ ಚಾಲಕನಿಗೆ ಸರಿಯಾಗಿ ತಿಳಿಯದಿರುವಾಗ ಪುಲ್ಲಿಯಿಂದ ಬರುವ ಏಳೆಂಟು ತಿಳಿಯುವುದುಂಟೇ?

ನಿಜವಾದ ತೊಡಕು ಇರುವುದು ಆಲ್ಟರ್ನೇಟರಿನಲ್ಲಿ. ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಹಗಲಲ್ಲೇ ಹೆಡ್‌ಲೈಟ್ ಬೇಕು, ವೈಪರ್ ನಿಲ್ಲುವಂತಿಲ್ಲ, ಗಾಜಿಗೆ ಕಟ್ಟುವ ಹಬೆ ಬಿಡಿಸಲು ಎಸಿ, ಬ್ಲೋವರ್, ಹಿಂಗಾಜಿನ ಡಿಫಾಗರ್ ಎಲ್ಲವೂ ಒಟ್ಟಿಗೆ ಓಡುತ್ತಿರಬೇಕು. ಜೊತೆಗೆ ಈ ಕಾರಿನ ಪವರ್ ಸ್ಟೀರಿಂಗ್ ವಿದ್ಯುತ್ ಚಾಲಿತವಾದ್ದರಿಂದ, ಕಡಿದಾದ ತಿರುವಿನಲ್ಲಿ ನಿಧಾನವಾಗಿ ಚಕ್ರ ತಿರುಗಿಸುವಾಗಲೇ ಅದು ಅತಿ ಹೆಚ್ಚು ಕರೆಂಟ್ ಎಳೆಯುತ್ತದೆ. ಎಂಜಿನ್ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದಿದ್ದಾಗ, 650–700 ಸುತ್ತು ತಿರುಗುವಾಗ ಆಲ್ಟರ್ನೇಟರ್ 1800ರ ಆಸುಪಾಸಿನಲ್ಲಿದೆ ಎಂದುಕೊಂಡರೆ, ಚಿಕ್ಕ ಪುಲ್ಲಿಯಿಂದ ಅದು 1350ಕ್ಕೆ ಇಳಿಯುತ್ತದೆ. ಸಾಮಾನ್ಯವಾಗಿ ಆಲ್ಟರ್ನೇಟರಿನ ಉತ್ಪಾದನೆ ತೀರಾ ಕಡಿದಾಗಿ ಕುಸಿಯುವುದು ಈ ಹಂತದಲ್ಲೇ.

ಒಂದು ಸಂಜೆ ಜಡಿಮಳೆಯಲ್ಲಿ, ಗೋಣಿಕೊಪ್ಪದ ನಮ್ಮ ಆಟೋ ಎಲೆಕ್ಟ್ರಿಷಿಯನ್ನಿನ ಶೆಡ್ಡಿನ ಕೆಳಗೆ ಕಾರು ನಿಲ್ಲಿಸಿ, ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದು ನೋಡಿದೆವು. ಎಲ್ಲ ಆಫ್ ಇದ್ದಾಗ 14.2 ವೋಲ್ಟ್. ಮೇಲೆ ಹೇಳಿದವನ್ನೆಲ್ಲ ಹಾಕಿದ ಮೇಲೆ 13.5. ನಿಂತಲ್ಲೇ ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ ಅಂಕಿ 12.9ಕ್ಕೆ ಜಾರಿ, ಒಂದೆರಡು ಕ್ಷಣ ಬಿಟ್ಟು ಮೇಲೇರಿತು. ಅವರು ಮೀಟರಿನ ವೈರು ಸುತ್ತುತ್ತಾ, “ಇದನ್ನು ಇನ್ನೂ ನಿಧಾನ ಮಾಡಿದರೆ ಮಳೆಗಾಲ ಪೂರ್ತಿ ಬ್ಯಾಟರಿ ಚಾರ್ಜಿಗೆ ನನ್ನ ಹತ್ತಿರವೇ ಬರಬೇಕಾಗುತ್ತದೆ ಸಾರ್, ನನಗೇನೋ ಒಳ್ಳೆಯದೇ” ಎಂದರು.

ಇನ್ನೊಂದು ಭಯ ಕಂಪನ ತಗ್ಗಿಸುವ ಡ್ಯಾಂಪರಿನದು. ಕಂಪನಿಯ ಪುಲ್ಲಿ ಬರೀ ಲೋಹದ ಗಾಲಿಯಲ್ಲ. ಒಳಗಿನ ಹಬ್ಬು ಮತ್ತು ಹೊರಗಿನ ಬಳೆಯ ನಡುವೆ ರಬ್ಬರಿನ ಪದರವಿದ್ದು, ಪ್ರತಿ ಸ್ಫೋಟಕ್ಕೂ ಕ್ರ್ಯಾಂಕ್‌ಶಾಫ್ಟ್ ತಿರುಚಿ ಮರಳುವ ಕಂಪನವನ್ನು ಅದು ಹೀರಿಕೊಳ್ಳುತ್ತದೆ. ಅಗ್ಗದ ಅಲ್ಯೂಮಿನಿಯಂ ಪುಲ್ಲಿಗಳಲ್ಲಿ ಈ ಪದರವೇ ಇರುವುದಿಲ್ಲ. ಈ ಎಂಜಿನ್ನಿನಲ್ಲಿ ಆಯಿಲ್ ಪಂಪಿನ ಗೇರು ಕ್ರ್ಯಾಂಕಿನ ಅದೇ ಮುಂತುದಿಯ ಮೇಲೆ ಕೂತಿದೆ. ಹೀರಿಕೊಳ್ಳದೆ ಉಳಿದ ಕಂಪನಕ್ಕೆ ಅದು ಒಡೆದರೆ ಇಡೀ ಎಂಜಿನ್ನಿಗೆ ಎಣ್ಣೆ ನಿಲ್ಲುತ್ತದೆ. ಡ್ಯಾಂಪರ್ ಇರುವ ಅಂಡರ್‌ಡ್ರೈವ್ ಪುಲ್ಲಿಗಳೂ ಸಿಗುತ್ತವೆ, ಬೆಲೆಯೂ ಹಾಗೆಯೇ ಇದೆ. ಪುಲ್ಲಿ ಹಗುರವಾದರೆ ಎಂಜಿನ್ ಚುರುಕಾಗುತ್ತದೆ ಎಂಬ ಮಾತು ನನಗೆ ಹಿಡಿಸಲಿಲ್ಲ. ಅಷ್ಟು ಚಿಕ್ಕ ವ್ಯಾಸದಲ್ಲಿ ಕಡಿಮೆಯಾಗುವ ಜಡತ್ವ, ಎಂಜಿನ್ನಿನ ಜೊತೆಗೇ ತಿರುಗುವ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಭಾರದ ಟಾರ್ಕ್ ಕನ್ವರ್ಟರಿನ ಮುಂದೆ ಏನೇನೂ ಅಲ್ಲ.

ಆದ್ದರಿಂದ ಬೇಡವೆಂದು ತೀರ್ಮಾನಿಸಿದ್ದೇನೆ. ಚಿಕ್ಕಪ್ಪನ ಮಗ ಮಾತ್ರ ತನ್ನ ಕಾರನ್ನು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಒಯ್ಯುವವನು. ಒಣ ಟ್ರ್ಯಾಕಿನಲ್ಲಿ ಸದಾ ರೆಡ್‌ಲೈನ್ (ಎಂಜಿನ್ ವೇಗದ ಗರಿಷ್ಠ ಮಿತಿ) ಬಳಿಯೇ ಓಡಿಸುವವನಿಗೆ, ಡ್ಯಾಂಪರ್ ಇರುವ ಪುಲ್ಲಿಯಾದರೆ ನನ್ನ ಆಕ್ಷೇಪವಿಲ್ಲ. ನನ್ನ ಕಾರಿಗೆ ಅದೇ ಹಣದಲ್ಲಿ ಹಿಂದಿನ ಎರಡು ಟಯರುಗಳನ್ನು ಬದಲಾಯಿಸಿ, ಮಳೆಗಾಲಕ್ಕೆ ಮುಂಚೆ ಬೆಲ್ಟ್ ಮತ್ತು ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರನ್ನು ಹೊಸದು ಹಾಕಿಸುತ್ತೇನೆ.