ನೇತ್ರಾಣಿಯಲ್ಲಿ ಸ್ಕೂಬಾ: ಗೈಡ್ ಹುಡುಕುವುದರಿಂದ ಘಟ್ಟ ಹತ್ತುವವರೆಗೆ

ಶನಿವಾರ ಬೆಳಿಗ್ಗೆ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವ್ (ಸಿಲಿಂಡರ್ ಗಾಳಿ ಉಸಿರಾಡುತ್ತ ನೀರಿನಾಳಕ್ಕೆ ಇಳಿಯುವುದು), ಅದೇ ಸಂಜೆ ಕಾರು ಹತ್ತಿ ಬೆಂಗಳೂರು. ಹೆಚ್ಚಿನವರು ಹಾಕುವ ಲೆಕ್ಕ ಇದು, ಮತ್ತು ಎರಡು ಕಡೆ ತಪ್ಪುವ ಲೆಕ್ಕ. ಸಮುದ್ರ ಒಪ್ಪದಿದ್ದರೆ ಬೋಟು ಹೊರಡುವುದಿಲ್ಲ. ಹೊರಟು ಡೈವ್ ಆಯಿತೆಂದರೆ ಸಂಜೆಯೇ ಘಟ್ಟ ಹತ್ತುವಂತಿಲ್ಲ (ಕಾರಣ ಕೊನೆಯಲ್ಲಿದೆ). ಆದ್ದರಿಂದ ಮುರುಡೇಶ್ವರದಲ್ಲಿ ಎರಡು ರಾತ್ರಿ ಉಳಿಯುವ ಹಾಗೆ ಹೊರಡಿ, ಡೈವನ್ನು ಮೊದಲ ಬೆಳಿಗ್ಗೆಗೇ ಬುಕ್ ಮಾಡಿ. ಅಂದು ರದ್ದಾದರೂ ಮರುದಿನ ಕೈಯಲ್ಲಿರುತ್ತದೆ.

ಸೀಸನ್ ಅಕ್ಟೋಬರ್ ಕೊನೆಯಿಂದ ಮೇ ಮಧ್ಯದವರೆಗೆ. ನೀರು ಹೆಚ್ಚು ತಿಳಿಯಾಗಿರುವುದು ಡಿಸೆಂಬರ್‌ನಿಂದ ಫೆಬ್ರುವರಿವರೆಗೆ. ಒಳ್ಳೆಯ ದಿನ 10–15 ಮೀಟರ್ ದೂರ ಕಾಣುತ್ತದೆ, ಕದಡಿದ ದಿನ ನಾಲ್ಕೈದು ಮೀಟರ್ ಕಂಡರೆ ಹೆಚ್ಚು. ರಜೆ ನೋಡಿ ದಿನ ಆರಿಸುವ ಬದಲು ಪಂಚಾಂಗ ನೋಡಿ ಆರಿಸಿದರೆ ಲಾಭವಿದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರ ಇಳಿತದ ಸೆಳೆತ ಜೋರು, ಅಷ್ಟಮಿ ನವಮಿಯ ಹೊತ್ತಿಗೆ ಕಡಿಮೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದ್ದು ಅಲೆ ಏರುವುದರಿಂದ ಬೆಳಗಿನ ಮೊದಲ ಬೋಟನ್ನೇ ಕೇಳಿ.

ದ್ವೀಪ ದಡದಿಂದ ಸುಮಾರು 19 ಕಿಲೋಮೀಟರ್. ಬೋಟು, ಅಲೆ ನೋಡಿಕೊಂಡು ಒಂದರಿಂದ ಒಂದೂವರೆ ಗಂಟೆಯ ಪಯಣ. ದ್ವೀಪದ ಮೇಲೆ ಕಾಲಿಡಲು ಪ್ರವಾಸಿಗರಿಗೆ ಅವಕಾಶವಿಲ್ಲ. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ಜಾಗ ಅದು. "ಇಳಿಸಿ ಫೋಟೊ ತೆಗೆಸ್ತೀವಿ" ಎನ್ನುವವನ ಬೋಟು ಬಿಟ್ಟುಬಿಡಿ.

ಇನ್ನು ಗೈಡ್ ವಿಚಾರ. ಇಡೀ ಪ್ರವಾಸ ನಿಂತಿರುವುದು ಇದರ ಮೇಲೆ. ಮೊದಲ ಸಲದ ಡೈವ್‌ಗೆ ಐದಾರು ಸಾವಿರ ರೂಪಾಯಿ ಎನ್ನುತ್ತಾರೆ. ಐನೂರು ಕಡಿಮೆಗೆ ಚೌಕಾಸಿ ಮಾಡುವ ಮುನ್ನ ಬೇರೆ ಪ್ರಶ್ನೆ ಕೇಳಿ. ಬೋಟಿನಲ್ಲಿ ಎಷ್ಟು ಜನ, ನೀರಿಗಿಳಿಯುವ ಗೈಡ್‌ಗಳು ಎಷ್ಟು? ಇಪ್ಪತ್ತು ಜನಕ್ಕೆ ನಾಲ್ವರು ಗೈಡ್ ಎಂದರೆ ಐದು ಸರದಿ. ಕೊನೆಯ ಸರದಿಯವರು ಲಂಗರು ಹಾಕಿದ ಬೋಟಿನಲ್ಲಿ ಎರಡು ಗಂಟೆಗೂ ಹೆಚ್ಚು ಓಲಾಡಬೇಕು. ಹೊಸಬರಿಗೆ ಒಬ್ಬರಿಗೊಬ್ಬ ಗೈಡ್ ಬೇಕು, ಅವನ ಕೈ ನಿಮ್ಮ ಸಿಲಿಂಡರ್ ಮೇಲೇ ಇರಬೇಕು. ಎಲ್ಲಕ್ಕೂ ಹೊಣೆಯಾಗಿ ಒಬ್ಬ ಇನ್‌ಸ್ಟ್ರಕ್ಟರ್ ಇರಬೇಕು. ಸ್ಕೂಬಾ ತರಬೇತಿ ಸಂಸ್ಥೆಗಳಾದ ಪ್ಯಾಡಿ ಅಥವಾ ಎಸ್‌ಎಸ್‌ಐ ಸದಸ್ಯತ್ವದ ನಂಬರ್ ಕೇಳಿ. ಪ್ಯಾಡಿಯ ನಂಬರನ್ನು ಅವರ ಜಾಲತಾಣದಲ್ಲೇ ಪರಿಶೀಲಿಸಬಹುದು. ಆಕ್ಸಿಜನ್ ಕಿಟ್ ಬೋಟಿನಲ್ಲಿದೆಯೇ ಅಥವಾ ಆಫೀಸಿನಲ್ಲಿದೆಯೇ ಎಂದು ಬಿಡಿಸಿ ಕೇಳಿ. ಹವಾಮಾನದಿಂದ ರದ್ದಾದರೆ ಹಣ ವಾಪಸ್ಸೋ, ಬರೀ ಬೇರೆ ದಿನಾಂಕವೋ ಎಂಬುದನ್ನೂ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.

ಸ್ಥಳೀಯ ಗೈಡ್‌ನ ಬೆಲೆ ತಿಳಿಯುವುದು ದ್ವೀಪದ ಹತ್ತಿರ. ಬೋಟಿನ ತಾಂಡೇಲ (ಬೋಟು ನಡೆಸುವವ) ಮತ್ತು ಗೈಡ್ ಸೇರಿ ಗಾಳಿ ಯಾವ ಕಡೆಯಿಂದ, ನೀರು ಯಾವ ಕಡೆ ಎಳೆಯುತ್ತಿದೆ ಎಂದು ನೋಡಿ, ಮರೆಯಿರುವ ಬದಿಯಲ್ಲಿ ಲಂಗರು ಹಾಕುತ್ತಾರೆ. ಒಳ್ಳೆಯವರು ಮೊದಲು ತಾವೊಬ್ಬರೇ ಇಳಿದು ನೋಡಿ ಬರುತ್ತಾರೆ. ಸೆಳೆತ ಹೆಚ್ಚಿದ್ದರೆ ಜಾಗ ಬದಲಿಸುತ್ತಾರೆ, ಇಲ್ಲವೇ "ಇವತ್ತು ಬೇಡ" ಎಂದು ಬೋಟು ತಿರುಗಿಸುತ್ತಾರೆ. ಹಾಗೆ ತಿರುಗಿಸಿದವರ ಜೊತೆ ಜಗಳವಾಡಬೇಡಿ, ಮರುದಿನ ಅವರ ಜೊತೆಯೇ ಹೋಗಿ.

ದಡದಲ್ಲಿ ಆರೋಗ್ಯದ ಫಾರ್ಮ್ ಕೊಡುತ್ತಾರೆ. ಎಲ್ಲಕ್ಕೂ 'ಇಲ್ಲ' ಎಂದು ಗೀಚುವ ಚಾಳಿ ನಮ್ಮಲ್ಲಿದೆ. ಅಸ್ತಮಾ, ಮೂರ್ಛೆ ರೋಗ, ಹೃದಯದ ತೊಂದರೆ, ಕಿವಿ ಆಪರೇಷನ್ ಇದ್ದರೆ ಊರಲ್ಲೇ ವೈದ್ಯರ ಸಹಿ ಪಡೆದು ಬನ್ನಿ. ಗರ್ಭಿಣಿಯರು ಇಳಿಯುವಂತಿಲ್ಲ, ಹತ್ತು ವರ್ಷದೊಳಗಿನ ಮಕ್ಕಳೂ ಅಷ್ಟೇ. ನೆಗಡಿ ಇದ್ದರೆ ಡೈವ್ ಮುಂದೂಡಿ. ಮೂಗು ಬಿಡಿಸುವ ಔಷಧ ಹಾಕಿಕೊಂಡು ಇಳಿದರೆ, ಅದರ ಪ್ರಭಾವ ನೀರೊಳಗೇ ಮುಗಿದು, ಮೇಲೆ ಬರುವಾಗ ಕಿವಿಯೊಳಗಿನ ಗಾಳಿ ಹೊರಬರಲು ದಾರಿಯಿಲ್ಲದೆ ಸಿಕ್ಕಿಬೀಳಬಹುದು. ಈಜು ಬರಬೇಕೆಂದಿಲ್ಲ, ಆದರೆ ಬರುವುದಿಲ್ಲವೆಂದು ಮೊದಲೇ ಹೇಳಿ.

ಬೋಟಿನಲ್ಲಿ ವಾಂತಿ ಬರುವುದು ಓಡುವಾಗ ಕಡಿಮೆ, ನಿಂತು ಓಲಾಡುವಾಗ ಹೆಚ್ಚು. ಅದಕ್ಕೇ ಮೊದಲ ಸರದಿ ಕೇಳಿಕೊಳ್ಳಿ. ಹೊರಡುವ ಒಂದೂವರೆ ಗಂಟೆ ಮೊದಲು ಎರಡು ಇಡ್ಲಿ ಸಾಕು. ಖಾಲಿ ಹೊಟ್ಟೆಯೂ ಕೆಟ್ಟದ್ದು, ಬನ್ಸ್ ತಿಂದು ಕೂರುವುದೂ ಕೆಟ್ಟದ್ದು. ಮಾತ್ರೆ ತೆಗೆದುಕೊಳ್ಳುವುದಾದರೆ ಬೋಟು ಹತ್ತುವ ಒಂದು ಗಂಟೆ ಮೊದಲು ತೆಗೆದುಕೊಳ್ಳಿ, ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ. ಅವೋಮಿನ್ ಥರದವು ನಿದ್ದೆ ತರಿಸುತ್ತವೆ, ಯಾವುದನ್ನು ನುಂಗಿದ್ದೀರೆಂದು ಗೈಡ್‌ಗೆ ಹೇಳಿರಿ. ಹಿಂದಿನ ರಾತ್ರಿಯ ಮದ್ಯ ಬಿಡಿ.

ಸಲಕರಣೆ ಗೈಡೇ ಜೋಡಿಸುತ್ತಾನೆ, ಆದರೂ ಒಂದು ಪರೀಕ್ಷೆ ನೀವೇ ಮಾಡಿ. ರೆಗ್ಯುಲೇಟರ್ (ಸಿಲಿಂಡರ್‌ನಿಂದ ಉಸಿರೆಳೆಯುವ ಸಾಧನ) ಬಾಯಿಗಿಟ್ಟು, ಕಣ್ಣು ಸಿಲಿಂಡರ್ ಗಾಳಿಯ ಒತ್ತಡ ತೋರಿಸುವ ಗೇಜಿನ ಮೇಲಿಟ್ಟು, ನಾಲ್ಕು ಸಲ ಆಳವಾಗಿ ಉಸಿರೆಳೆಯಿರಿ. ಮುಳ್ಳು 200 ಬಾರ್ ಹತ್ತಿರ ಅಲುಗಾಡದೆ ನಿಲ್ಲಬೇಕು. ಉಸಿರೆಳೆದಾಗೆಲ್ಲ ಕೆಳಗಿಳಿದು ಮತ್ತೆ ಏರುತ್ತಿದ್ದರೆ ಸಿಲಿಂಡರ್ ವಾಲ್ವ್ ಪೂರ್ತಿ ತೆರೆದಿಲ್ಲ ಎಂದರ್ಥ. ಗೇಜು ನೋಡದಿದ್ದರೆ ದಡದಲ್ಲಿ ಇದು ಗೊತ್ತೇ ಆಗುವುದಿಲ್ಲ, ಆಳಕ್ಕೆ ಹೋದಾಗ ಉಸಿರು ಬಿಗಿಯುತ್ತದೆ. ಗಾಳಿಗೆ ಎಣ್ಣೆಯ ಅಥವಾ ಹೊಗೆಯ ವಾಸನೆ ಇದ್ದರೆ ಆ ಸಿಲಿಂಡರ್ ಬೇಡವೇ ಬೇಡ. ಮಾಸ್ಕನ್ನು ಪಟ್ಟಿ ಹಾಕದೆ ಮುಖಕ್ಕೊತ್ತಿ ಮೂಗಿನಿಂದ ಉಸಿರೆಳೆಯಿರಿ, ಕೈ ಬಿಟ್ಟರೂ ಬೀಳದಿದ್ದರೆ ಅಳತೆ ಸರಿ. ಮೀಸೆ ಇರುವವರಿಗೆ ಸ್ವಲ್ಪ ನೀರು ಸೋರುವುದು ಮಾಮೂಲು. ಮಾಸ್ಕಿನ ಅಂಚಿಗೆ ಸಿಕ್ಕ ಒಂದೆಳೆ ಕೂದಲೂ ನೀರು ತರುತ್ತದೆ. ನೀರು ತುಂಬಿದರೆ ಮೇಲಂಚು ಒತ್ತಿ, ತುಸು ತಲೆಯೆತ್ತಿ, ಮೂಗಿನಿಂದ ಉಸಿರು ಬಿಡಿ. ಇದನ್ನು ಎದೆಯೆತ್ತರದ ನೀರಿನಲ್ಲಿ ಸಲೀಸಾಗುವವರೆಗೆ ಮಾಡಿಸದ ಗೈಡ್ ಆಳಕ್ಕೆ ಕರೆದೊಯ್ಯಲು ತಕ್ಕವನಲ್ಲ.

ಹೊಸಬರ ಡೈವ್ ಅರ್ಧಕ್ಕೆ ನಿಲ್ಲುವುದು ಬಹುಪಾಲು ಕಿವಿಯಿಂದ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಆದರೆ ಕಿವಿ ಹಿಂಡುವುದು ಮೊದಲ ಮೂರ್ನಾಲ್ಕು ಮೀಟರ್‌ನಲ್ಲೇ. ಮೂಗು ಹಿಡಿದು ಮೆಲ್ಲಗೆ ಊದುವುದನ್ನು ನೋವು ಬರುವ ಮೊದಲೇ, ನೀರಿನ ಮೇಲಿರುವಾಗಲೇ ಶುರುಮಾಡಿ. ಆಮೇಲೆ ಪ್ರತಿ ಅರ್ಧ ಮೀಟರ್‌ಗೊಮ್ಮೆ. ನೋವು ಬಂದರೆ ಅಂಗೈ ಅಲ್ಲಾಡಿಸಿ ಕಿವಿ ತೋರಿಸಿ. ಗೈಡ್ ಒಂದು ಮೀಟರ್ ಮೇಲೆತ್ತುತ್ತಾನೆ, ಅಲ್ಲಿ ಮತ್ತೆ ಪ್ರಯತ್ನಿಸಿ. ಬಲವಾಗಿ ಊದಿದರೆ ಒಳಕಿವಿಗೇ ಪೆಟ್ಟು. ತಮಾಷೆಯ ಎಡವಟ್ಟೂ ಒಂದಿದೆ: ಖುಷಿಯಾಗಿ ಹೆಬ್ಬೆರಳು ಎತ್ತಿದರೆ ನೀರೊಳಗೆ ಅದರರ್ಥ 'ಮೇಲೆ ಹೋಗೋಣ'. ಎಲ್ಲ ಸರಿಯಿದೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸುತ್ತು ಮಾಡಿ. ಎಂಥ ಗಾಬರಿಯಲ್ಲೂ ಉಸಿರು ಕಟ್ಟಬೇಡಿ. ಉಸಿರು ಹಿಡಿದು ಒಂದೆರಡು ಮೀಟರ್ ಮೇಲೇರಿದರೂ ಹಿಗ್ಗುವ ಗಾಳಿ ಶ್ವಾಸಕೋಶಕ್ಕೆ ಗಾಯ ಮಾಡಬಲ್ಲದು.

ಮೊದಲ ಡೈವ್‌ಗೆ ಗರಿಷ್ಠ ಆಳ 12 ಮೀಟರ್, ಕೆಳಗೆ ಇರುವುದು ಇಪ್ಪತ್ತರಿಂದ ಮೂವತ್ತು ನಿಮಿಷ. ಗಿಳಿಮೀನು, ಚಿಟ್ಟೆಮೀನು, ಟ್ರಿಗರ್ ಮೀನು ಸಾಮಾನ್ಯ. ಬರಾಕುಡಾ ಹಿಂಡು, ಮರಳಿನ ಮೇಲೆ ತೊರಕೆ (ರೇ ಮೀನು), ಕೆಲವೊಮ್ಮೆ ಆಮೆ. ಬಂಡೆ ಸಂದಿನಲ್ಲಿ ಬಾಯಿ ಕಳೆದು ಕೂತ ಮೊರೇ ಈಲ್ (ಹಾವಿನಂಥ ಮೀನು) ಬೆದರಿಸುತ್ತಿರುವುದಿಲ್ಲ, ಉಸಿರಾಡುತ್ತಿರುತ್ತದೆ. ಕೈ ಹತ್ತಿರ ಒಯ್ದರೆ ಮಾತ್ರ ಕಚ್ಚೀತು. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡೇ ಇರಿ. ಬಂಡೆ ಎಂದು ಹಿಡಿದದ್ದು ವಿಷಮುಳ್ಳಿನ ಸ್ಕಾರ್ಪಿಯನ್ ಮೀನಾಗಿರಬಹುದು, ಮುಟ್ಟಿದ ಹವಳವೂ ಸಾಯಬಹುದು.

ಈಗ ಘಟ್ಟ. ಆಳದಲ್ಲಿ ಉಸಿರಾಡಿದ ಗಾಳಿಯಿಂದ ರಕ್ತಕ್ಕೆ, ಮಾಂಸಖಂಡಗಳಿಗೆ ಸೇರಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು. ಅಷ್ಟರೊಳಗೆ ಎತ್ತರಕ್ಕೆ ಹೋದರೆ ಅದು ಗುಳ್ಳೆಯಾಗಿ ಕೀಲುನೋವು, ಜೋಮು ತರಬಹುದು. ಒಂದೇ ಡೈವ್ ಆದರೆ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಬಿಟ್ಟು ವಿಮಾನ ಹತ್ತಬೇಕೆಂಬ ನಿಯಮ ಸುಮಾರು 600 ಮೀಟರ್ ಮೀರಿದ ಎತ್ತರವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಬೆಂಗಳೂರು 900 ಮೀಟರ್‌ಗೂ ಮೇಲೆ. ಹತ್ತು ಗಂಟೆಗೆ ಡೈವ್ ಮುಗಿಸಿ ಮಧ್ಯಾಹ್ನವೇ ಕಾರು ಹತ್ತಿದರೆ ಸಂಜೆಯೊಳಗೆ ಆ 600 ಮೀಟರ್ ದಾಟಿರುತ್ತೀರಿ. ಒಂದೇ ಡೈವ್ ಮಾಡಿದವರಿಗೆ ರಾತ್ರಿ ರೈಲು ಸರಿಹೊಂದುತ್ತದೆ. ಅದು ಮಂಗಳೂರು ಕಡೆ ಸುತ್ತಿ ಸುಬ್ರಹ್ಮಣ್ಯ–ಸಕಲೇಶಪುರ ಘಟ್ಟ ಹತ್ತುವಷ್ಟರಲ್ಲಿ ನಡುರಾತ್ರಿ ದಾಟಿರುತ್ತದೆ. ಎರಡು ಡೈವ್ ಮಾಡಿದವರು ಮರುದಿನ ಬೆಳಿಗ್ಗೆಯವರೆಗೆ ಕಾದು ಹೊರಡಲಿ. ಡೈವ್ ಮುಗಿಸಿ ಹಾಗೇ ಕೊಲ್ಲೂರು, ಕೊಡಚಾದ್ರಿ ಎಂದು ಯೋಜಿಸುವವರು ಆ ಬೆಟ್ಟ 1,343 ಮೀಟರ್ ಎಂಬುದನ್ನು ನೋಡಿ ಕ್ರಮ ಅದಲುಬದಲು ಮಾಡಿಕೊಳ್ಳಲಿ: ಬೆಟ್ಟ ಮೊದಲು, ಕಡಲು ಆಮೇಲೆ. ಉಳಿದ ಹೊತ್ತಿಗೆ ಕರಾವಳಿಯಲ್ಲೇ ಇಡಗುಂಜಿ, ಅಪ್ಸರಕೊಂಡ ಇವೆ. ರಾತ್ರಿ ಊಟಕ್ಕೆ ಭಟ್ಕಳಕ್ಕೆ ಹೋಗುವುದಾದರೆ ಶ್ಯಾವಿಗೆ ಬಿರಿಯಾನಿ ಎಲ್ಲಿ ಸಿಗುತ್ತದೆಂದು ಬೋಟಿನವರನ್ನೇ ಕೇಳಿ.