ಹೂಂಗುಟ್ಟುವ ಕೆಲಸ

ಶಾಲೆಯ ಸಂಚಿಕೆಗೆ ಎರಡು ಪುಟ ಬರೆದುಕೊಡಿ ಅಂತ ಫೋನ್ ಬಂದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡುಬಿಟ್ಟೆ. ಆಮೇಲೆ ಒದ್ದಾಟ ಶುರುವಾಯಿತು. ನಾನು ಕತೆ ಹೇಳುವವಳು, ಬರೆಯುವವಳಲ್ಲ. ಹೇಳುವಾಗ ಎದುರಿಗೆ ಮುಖಗಳಿರುತ್ತವೆ. ಯಾರಾದರೂ ಆಕಳಿಸಿದರೆ ರಾಕ್ಷಸನನ್ನು ಎರಡು ನಿಮಿಷ ಮೊದಲೇ ಕರೆತರಬಹುದು. ಕಾಗದ ಆಕಳಿಸುವುದೂ ಇಲ್ಲ, ನಗುವುದೂ ಇಲ್ಲ. ಹಾಗಾಗಿ ನೀವು ನನ್ನೆದುರು ಕೂತಿದ್ದೀರಿ ಅಂತಲೇ ಅಂದುಕೊಳ್ಳುತ್ತೇನೆ.

1988ರ ಜುಲೈ. ನಾನು ಎಂಟನೇ ಕ್ಲಾಸು. ಪುನರ್ವಸು ಮಳೆ. ಆಗುಂಬೆ ಕಡೆಯ ಮಳೆ ಗೊತ್ತಲ್ಲ, ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಹಳ್ಳದ ಕಾಲುಸಂಕ ಮುಳುಗಿ, ಆಚೆಯವರು ಯಾರೂ ಬಂದಿರಲಿಲ್ಲ. ನಲವತ್ತೆರಡು ಮಕ್ಕಳ ಕ್ಲಾಸಿನಲ್ಲಿ ಅವತ್ತು ನಾವು ನಾಲ್ಕೇ ಜನ. ಪ್ಲಾಸ್ಟಿಕ್ ಕೊಪ್ಪೆಗಳನ್ನು ಬಾಗಿಲ ಹತ್ತಿರ ನೇತುಹಾಕಿ, ಕಾಲಿಗೆ ಹತ್ತಿದ ಉಂಬಳ, ಅಂದರೆ ಜಿಗಣೆ, ಕಿತ್ತು ಹೊರಗೆ ಎಸೆಯುತ್ತಿದ್ದೆವು. ಕನ್ನಡ ಮೇಷ್ಟ್ರು ಚಿತ್ರದುರ್ಗದ ಕಡೆಯವರು, ಆ ಜೂನ್‌ನಲ್ಲಿ ಹೊಸದಾಗಿ ಬಂದಿದ್ದರು. ಉಂಬಳ ಕಂಡರೆ ಅವರಿಗೆ ಜೀವವೇ ಹೋಗುತ್ತಿತ್ತು. ಜೇಬಿನಲ್ಲಿ ಯಾವಾಗಲೂ ಉಪ್ಪಿನ ಗಂಟು.

ಅವರು ಹಾಜರಿ ಪುಸ್ತಕ ತೆರೆದು ನಲವತ್ತೆರಡು ಹೆಸರನ್ನೂ ಕೂಗಿದರು. ಒಂದೊಂದು ಹೆಸರಿಗೂ ನಿಂತು, ತಲೆಯೆತ್ತಿ ನೋಡಿ, ಆಮೇಲೆ ಮುಂದಿನದು. ಕಣ್ಣೆದುರು ನಾಲ್ಕೇ ಜನ ಇದ್ದೇವಲ್ಲ ಮಾರಾಯ್ರೆ! ನಮಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ.

ಪಾಠ ಬೇಡ, ಕತೆ ಹೇಳುತ್ತೇನೆ ಅಂದರು. ನನ್ನ ಕಡೆ ಬೆರಳು ತೋರಿಸಿ, "ನೀನು ಹೂಂ ಅನ್ನವ್ವಾ. ಹೂಂ ಅನ್ನಾಕೆ ಒಬ್ರಿಲ್ದಿದ್ರೆ ಕತೆ ಮುಂದಕ್ಕೋಗಲ್ಲ" ಅಂದರು. ಎಣಿಸಲು ಬಾರದ ಕುರಿಗಾಹಿಯೊಬ್ಬನ ಕತೆ ಅದು. ಅವನಿಗೆ ಹತ್ತರಾಚೆ ಲೆಕ್ಕ ಬಾರದು. ಆದರೆ ಮಂದೆಯಲ್ಲಿ ಒಂದು ಕುರಿ ಇಲ್ಲ ಅಂದರೆ ಯಾವುದು ಇಲ್ಲ ಅಂತ ಹೇಳುತ್ತಿದ್ದ. ನಾನು ಹೂಂ ಹೂಂ ಅನ್ನುತ್ತಾ ಕಿಟಕಿಯಾಚೆ ನೋಡುತ್ತಿದ್ದೆ. "ಕುರಿ ಬಸ್ ಸ್ಟ್ಯಾಂಡಿಗೆ ಹೋತು." ಹೂಂ. "ಬಸ್ ಹತ್ತಿತು." ಹೂಂ. "ಕಿಟಕಿ ಪಕ್ಕ ಸೀಟು ಹಿಡೀತು." ಹೂಂ. ಉಳಿದ ಮೂವರು ಹೊಟ್ಟೆ ಹಿಡಿದುಕೊಂಡು ನಕ್ಕಾಗಲೇ ನನಗೆ ಗೊತ್ತಾಗಿದ್ದು. ನಾಚಿಕೆಯಿಂದ ಸತ್ತೇಹೋದೆ. ಆ ವರ್ಷವೆಲ್ಲ ನನ್ನ ಅಡ್ಡಹೆಸರು "ಬಸ್ಸಿನ ಕುರಿ".

ಮಾರನೇ ವರ್ಷ ದೀಪಾವಳಿ ಕಳೆದು ಅಡಿಕೆ ಗೊನೆಗಳ ಕೊಯ್ಲು ನಡೆಯುತ್ತಿತ್ತು. ನನ್ನ ಬೆಂಚಿನ ಗೆಳತಿಯ ಅಪ್ಪ ಅಡಿಕೆ ಮರದಿಂದ ಬಿದ್ದು ತೀರಿಕೊಂಡರು. ಅಮ್ಮ ಹೋಗಿಬಂದಳು. ನಾನು ತಲೆನೋವು ಅಂತ ಹೊದ್ದು ಮಲಗಿದೆ. ತಲೆನೋವೂ ಇಲ್ಲ, ಮಣ್ಣೂ ಇಲ್ಲ. ಅವಳ ಎದುರು ನಿಂತು ಎಂತ ಹೇಳುವುದು ಅನ್ನುವ ಹೆದರಿಕೆ ಅಷ್ಟೆ. ಅವಳು ಎರಡು ವಾರ ಶಾಲೆಗೆ ಬರಲಿಲ್ಲ. ಮೇಷ್ಟ್ರು ದಿನಾ ಅವಳ ಹೆಸರು ಕೂಗಿ, ನಿಂತು, ನನ್ನ ಪಕ್ಕದ ಖಾಲಿ ಜಾಗ ನೋಡಿ ಮುಂದೆ ಹೋಗುತ್ತಿದ್ದರು. ನಾನು ನೋಟ್‌ಬುಕ್ಕಿನಲ್ಲಿ ಮುಖ ಹುದುಗಿಸುತ್ತಿದ್ದೆ.

ಒಂದು ದಿನ ಸೀಮೆಸುಣ್ಣ ಹಿಡಿದ ಅವರ ಬೆರಳು ಕಂಡೆ. ತುದಿಯಿಂದ ಗೆಣ್ಣಿನ ತನಕ ಕಪ್ಪು. ಹಸಿ ಅಡಿಕೆ ಸುಲಿದರೆ ಹತ್ತುವ ಕರೆ, ನಮ್ಮ ಕಡೆ ಮಕ್ಕಳಿಗೂ ಗೊತ್ತು. ಸೋಪಿಗೆ ಹೋಗುವುದಿಲ್ಲ, ಚರ್ಮ ಸವೆದೇ ಹೋಗಬೇಕು. ನೆಲ ನೋಡಿಕೊಂಡೇ "ಎಂತ ಸಾರ್ ಕೈ?" ಅಂದೆ. "ಸುಲಿಯಾಕೆ ಹೋಗ್ತಿದೀನವ್ವಾ, ನಾಕು ದಿನ ಆತು" ಅಂದರು. ಎಲ್ಲಿಗೆ ಅಂತ ಹೇಳಲಿಲ್ಲ. ನೀನ್ಯಾಕೆ ಬಂದಿಲ್ಲ ಅಂತ ಕೇಳಲೂ ಇಲ್ಲ. ಕೇಳಿದ್ದರೆ ಮತ್ತೊಂದು ಸುಳ್ಳು ಹೇಳಿ ಪಾರಾಗುತ್ತಿದ್ದೆ.

ಅವತ್ತು ಸಂಜೆ ಅಮ್ಮನ ಜೊತೆ ಹೋದೆ. ಹದಿಮೂರನೇ ದಿನದ ಕಾರ್ಯ ಕಳೆದಿತ್ತು. ಮನೆಯಲ್ಲಿ ಏನೇ ಆಗಿರಲಿ, ಬಲಿತ ಅಡಿಕೆ ಕಾಯುವುದಿಲ್ಲ. ಕೊಯ್ದದ್ದನ್ನು ಬೇಗ ಸುಲಿದು ಬೇಯಿಸಬೇಕು, ತಡವಾದರೆ ಬಣ್ಣ ಕೆಡುತ್ತದೆ. ಸುತ್ತಲಿನ ನಾಲ್ಕೈದು ಮನೆಯವರು ಮುಯ್ಯಾಳಾಗಿ ಬಂದಿದ್ದರು. ಇವತ್ತು ನಿಮ್ಮನೆಗೆ ನಾವು, ನಾಳೆ ನಮ್ಮನೆಗೆ ನೀವು, ಡಬ್ಬಕ್ಕಿಷ್ಟು ಅಂತ ಕೂಲಿ ಲೆಕ್ಕ ಇಲ್ಲ. ಅಂಗಳದ ಚಪ್ಪರದಡಿ ಒಂದೇ ಬಲ್ಬು. ಒಲೆಯ ಮೇಲೆ ಹಂಡೆಯಲ್ಲಿ ಅಡಿಕೆ ಬೇಯಿಸುವ ಚೊಗರು ಕುದಿಯುವ ವಾಸನೆ. ಮಧ್ಯೆ ಅಡಿಕೆ ರಾಶಿ, ಸುತ್ತ ಮೆಟ್ಟುಗತ್ತಿ ಮೆಟ್ಟಿ ಕೂತ ಹೆಂಗಸರು. ಕಾಯನ್ನು ಅಲಗಿಗೆ ಒತ್ತಿ, ಒಂದು ಸಲ ತಿರುಚಿ, ಸಿಪ್ಪೆ ಈ ಕಡೆ, ಅಡಿಕೆ ಬುಟ್ಟಿಗೆ. ನೋಡದೆಯೇ ಕೈ ಓಡುತ್ತದೆ. ಮೂಲೆಯಲ್ಲಿ ಮೇಷ್ಟ್ರು, ನಾಲಿಗೆ ಕಚ್ಚಿಕೊಂಡು, ಪರೀಕ್ಷೆ ಬರೆಯುವವರ ಹಾಗೆ ಒಂದೊಂದೇ ಕಾಯಿ ಸುಲಿಯುತ್ತಿದ್ದರು. ಅವರು ನಾಲ್ಕು ರಾತ್ರಿಯಲ್ಲಿ ಸುಲಿದದ್ದು ಅಮ್ಮನಿಗೆ ಒಂದು ತಾಸಿನ ಕೆಲಸ.

ಗೆಳತಿ ನನ್ನನ್ನು ನೋಡಿದಳು. ಏನೂ ಹೇಳದೆ ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು. ಕೂತೆ. ಎರಡು ವಾರ ಹುಡುಕಿದ ಮಾತು ಯಾವುದೂ ಬೇಕಾಗಲಿಲ್ಲ.

ಕೆಳಗಿನ ಮನೆ ಅಜ್ಜಿ ಕತೆ ಶುರು ಮಾಡಿದರು. ಸುಲಿಯುವ ರಾತ್ರಿ ಕತೆ ಇಲ್ಲದಿದ್ದರೆ ಎಲ್ಲರೂ ತೂಕಡಿಸುತ್ತಾರೆ, ತೂಕಡಿಸಿದರೆ ಕೈ ಹೋಗುತ್ತದೆ. ಆದರೆ ಅವತ್ತು ಆ ಮನೆಯಲ್ಲಿ ಹೂಂ ಅನ್ನಲು ಯಾರಿಗೂ ಧೈರ್ಯ ಬರಲಿಲ್ಲ. ಅಜ್ಜಿ ಒಂದು ಮಾತು ಹೇಳಿ ನಿಂತರು. ಬರೀ ಸಿಪ್ಪೆ ಬೀಳುವ ಸದ್ದು. ಆಗ ಮೂಲೆಯಿಂದ ಬಯಲುಸೀಮೆಯ ದಪ್ಪ ಗಂಟಲಿನ "ಹೂಂ" ಬಂತು. ಅಜ್ಜಿ ಕತ್ತೆತ್ತಿ ನೋಡಿ ಮುಂದುವರಿಸಿದರು. ಎರಡನೆಯ ಹೂಂ ನನ್ನ ಪಕ್ಕದಿಂದಲೇ ಬಂತು, ತೀರಾ ಸಣ್ಣಗೆ.

ಕಾಲೇಜಿನ ದಿನಗಳನ್ನು ಬೇಗ ದಾಟಿಬಿಡುತ್ತೇನೆ. ಶಿವಮೊಗ್ಗದಲ್ಲಿ ನಾನು ಓದಿದ್ದಕ್ಕಿಂತ ಕೇಳಿದ್ದೇ ಜಾಸ್ತಿ. ತುಂಗೆಯ ಒಂದು ದಡದಲ್ಲಿ ಮತ್ತೂರು, ಇನ್ನೊಂದು ದಡದಲ್ಲಿ ಹೊಸಹಳ್ಳಿ. ಹೊಸಹಳ್ಳಿಯ ಗಮಕ ಕೇಳಲು ಗೆಳತಿಯರನ್ನು ಎಳೆದುಕೊಂಡು ಹೋಗುತ್ತಿದ್ದೆ. ಆ ಊರಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಮ್ಮನೆಯವರಿಗೇ ಬಂದಷ್ಟು ಖುಷಿಪಟ್ಟೆ. ಗಮಕದಲ್ಲಿ ಒಬ್ಬರು ಪದ್ಯ ಹಾಡುತ್ತಾರೆ, ಪಕ್ಕದಲ್ಲಿ ಕೂತವರು ಅರ್ಥ ಬಿಡಿಸುತ್ತಾರೆ. ನನಗೆ ಹಾಡುವವರಿಗಿಂತ, ಹಾಡು ಮುಗಿಯುವ ತನಕ ಸುಮ್ನೆ ಕೇಳುತ್ತಾ ಕೂರುವ ಆ ಇನ್ನೊಬ್ಬರ ಮುಖ ನೋಡುವುದೇ ಇಷ್ಟವಾಗಿತ್ತು. ಮಳೆಗಾಲದ ತಾಳಮದ್ದಳೆ, ಅಂದರೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ, ಅದರಲ್ಲೂ ಅಷ್ಟೆ. ವೇಷ ಇಲ್ಲ, ಕುಣಿತ ಇಲ್ಲ, ಬಾಯಿಪಾಠದ ಮಾತೂ ಇಲ್ಲ. ಎದುರಿನ ಅರ್ಥಧಾರಿ ಏನಂದ ಅಂತ ಕಿವಿಗೊಡದಿದ್ದರೆ ಎಂಥ ವಾಗ್ಮಿಯೂ ಮುಗ್ಗರಿಸುತ್ತಾನೆ. ಮುಗ್ಗರಿಸಿದ್ದನ್ನು ನೋಡಿದ್ದೇನೆ.

ಈಗ ಕತೆ ಹೇಳುವುದೇ ನನ್ನ ಕೆಲಸ. ಹೆಗ್ಗೋಡಿನ ನೀನಾಸಂ 1985ರಿಂದ ತಿರುಗಾಟ ಅಂತ ನಾಟಕ ಹೊತ್ತು ಊರೂರಿಗೆ ಹೋಗುತ್ತದಲ್ಲ, ಹಾಗೆ ನಾನೂ ನನ್ನ ಚೀಲ ಹೊತ್ತು ತಿರುಗುತ್ತೇನೆ. ಎಲ್ಲ ಕಡೆ ಚೆನ್ನಾಗಿ ನಡೆಯುತ್ತದೆ ಅಂದುಕೊಳ್ಳಬೇಡಿ. ಒಂದು ದೊಡ್ಡ ಶಾಲೆಯಲ್ಲಿ ಆರುನೂರು ಮಕ್ಕಳು, ಎರಡು ಸ್ಪೀಕರು, ಎತ್ತರದ ವೇದಿಕೆ. ಗಲಾಟೆ ಮಾಡಬೇಡಿ ಅಂತ ಮೊದಲೇ ಗದರಿಸಿದ್ದರು. ಮಕ್ಕಳು ಪಾಪ, ಹೂಂ ಕೂಡಾ ಅನ್ನಲಿಲ್ಲ. ನಲವತ್ತು ನಿಮಿಷ ಗೋಡೆಗೆ ಕತೆ ಹೇಳಿ, ಶಾಲು ಹೊದೆಸಿಕೊಂಡು ಬಂದೆ.

2020ರಲ್ಲಿ ಮೊಬೈಲಿನಲ್ಲಿ ಹೇಳಿದ್ದು ಇನ್ನೊಂದು ಪಾಡು. ಎಲ್ಲರ ಮೈಕೂ ಬಂದ್. ಕತೆ ಎಲ್ಲಿಗೆ ಹೋಗುತ್ತಿದೆ ಅಂತಲೇ ಗೊತ್ತಿಲ್ಲ. ಒಂದು ಸಲ ಯಾರದೋ ಮೈಕು ತಾನಾಗಿ ತೆರೆದುಕೊಂಡಿತು. ಧೋ ಅಂತ ಮಳೆ, ಕೊಡೆಯ ಮೇಲೆ ಹನಿಯ ಪಟಪಟ, ಅದರ ನಡುವೆ ಒಂದು ಮಗುವಿನ ಹೂಂ. ನೆಟ್‌ವರ್ಕ್ ಸಿಗುವುದಿಲ್ಲ ಅಂತ ಅದು ಗುಡ್ಡ ಹತ್ತಿ ಕೂತಿತ್ತು. ನಮ್ಮ ಕಡೆ ಆ ವರ್ಷ ಎಷ್ಟೋ ಮಕ್ಕಳು ಹಾಗೇ ಗುಡ್ಡದ ಮೇಲೆ ಪಾಠ ಕೇಳಿದರು. ಅವತ್ತು ಉಳಿದ ಕತೆ ಪೂರ್ತಿ ಆ ಒಂದು ಹೂಂಗೇ ಹೇಳಿದೆ.

ಮೇಷ್ಟ್ರು ನಿವೃತ್ತರಾಗಿ ಊರಿಗೆ ಹೋಗಿದ್ದಾರೆ. ಬರ್ತೀನಿ ಬರ್ತೀನಿ ಅಂತ ಫೋನಿನಲ್ಲೇ ವರ್ಷಗಳನ್ನು ಕಳೆದಿದ್ದೆ. ಕಡೆಗೆ ಹೋದ ಬೇಸಿಗೆಯಲ್ಲಿ ಗೆಳತಿಯೂ ನಾನೂ ಹೊರಟೇಬಿಟ್ಟೆವು. ಅವಳ ತೋಟದ ಅಡಿಕೆ ಒಂದು ಪೊಟ್ಟಣ ಕಟ್ಟಿಕೊಂಡಿದ್ದಳು. ಮೇಷ್ಟ್ರಿಗೆ ಈಗ ಕಿವಿ ಮಂದ. ಜಗಲಿಯಲ್ಲಿ ಕೂರಿಸಿ, ಮಜ್ಜಿಗೆ ಕೊಡಿಸಿ, "ಒಂದು ಕತೆ ಹೇಳವ್ವಾ" ಅಂದರು.

ಅವರದ್ದೇ ಕುರಿಗಾಹಿ ಕತೆ ಹೇಳಿದೆ. ನಾನು ಉಸಿರು ತೆಗೆದುಕೊಂಡಲ್ಲೆಲ್ಲ ಹೂಂ ಅನ್ನುತ್ತಿದ್ದರು. ಕಣ್ಣು ಮಾತ್ರ ಎದುರಿನ ಬೇವಿನ ಮರದ ಮೇಲೆ. ಕೇಳಿಸುತ್ತಿಲ್ಲ, ನನ್ನ ತುಟಿ ನಿಂತಾಗ ಸುಮ್ನೆ ಹೂಂ ಅನ್ನುತ್ತಿದ್ದಾರೆ ಅಂತ ಗೆಳತಿ ಕಣ್ಣಲ್ಲೇ ಹೇಳಿದಳು. ನನಗೂ ಹಾಗೇ ಅನ್ನಿಸಿತು. ದನಿ ಏರಿಸದೆಯೇ, "ಕುರಿ ಬಸ್ ಹತ್ತಿತು" ಅಂದೆ.

"ಹೂಂ" ಅಂದರು. ಮಜ್ಜಿಗೆ ಲೋಟ ಕೆಳಗಿಟ್ಟು, ಮರ ನೋಡುತ್ತಲೇ ಕೇಳಿದರು, "ಟಿಕೆಟ್ ತಗಂತೇನವ್ವಾ?"